ವಾಹನಪ್ರಿಯರ ವಾದವೂ ಚಲನೆಯ ನಿಯಮವೂ

ಮಾನವನು ತನ್ನ ಕಾಲುಗಳ ವೇಗದಿಂದ ತೃಪ್ತನಾಗದೆ, ಮೊದಲು ಪ್ರಾಣಿಗಳ ಬಲವನ್ನೂ ಅನಂತರ ಯಂತ್ರಗಳ ಬಲವನ್ನೂ ತನ್ನ ಸಂಚಾರಕ್ಕೆ ಒದಗಿಸಿಕೊಂಡ ಕಥೆಯು ನಾಗರಿಕತೆಯ ಇತಿಹಾಸದಲ್ಲಿ ಮಹತ್ತ್ವದ ಅಧ್ಯಾಯವಾಗಿದೆ. ಜರ್ಮನಿಯ ಕಾರ್ಲ್ ಬೆನ್ಜ್ 1886ರಲ್ಲಿ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಪಡೆದಾಗ ಅದರ ಎಂಜಿನ್ನಿನ ಸಾಮರ್ಥ್ಯ ಒಂದು ಅಶ್ವಶಕ್ತಿಗಿಂತಲೂ ಕಡಿಮೆಯಿತ್ತು. ವೇಗ ಗಂಟೆಗೆ ಸುಮಾರು 16 ಕಿಲೋಮೀಟರು. ಇಂದು ಸಾಧಾರಣ ಕುಟುಂಬವೊಂದು ಕೊಳ್ಳುವ ಕಾರು ಕೂಡ ಅದರ ಎಂಟು ಪಟ್ಟು ವೇಗದಲ್ಲಿ ಓಡಬಲ್ಲದು. ವೇಗ ಬೆಳೆದಿದೆ; ಆದರೆ ಐಸಾಕ್ ನ್ಯೂಟನ್ನನು 1687ರಲ್ಲಿ ಗ್ರಂಥಸ್ಥಗೊಳಿಸಿದ ಚಲನೆಯ ನಿಯಮಗಳು ಮಾತ್ರ ಕಾರಿಗಾಗಿ ಕಿಂಚಿತ್ತೂ ಬದಲಾಗಿಲ್ಲ. ಈ ಮಾತನ್ನು ಬರೆಯಲು ಪ್ರೇರಣೆಯಾದುದು ನಮ್ಮ ಶಾಲೆಯ ಅಂಗಳದಲ್ಲಿಯೇ ನಡೆದ ಒಂದು ವಾದ.

ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ದಿನ. ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿ ಹೊರಬಂದ ಕೆಲವರು ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿದ್ದ ತಮ್ಮ ತಮ್ಮ ಕಾರುಗಳ ಸುತ್ತ ಸೇರಿದ್ದರು. ಒಬ್ಬರು ತಮ್ಮ ಎಂಜಿನ್ನಿನ ಅಶ್ವಶಕ್ತಿಯನ್ನು ಹೊಗಳಿದರೆ, ಇನ್ನೊಬ್ಬರು ಅಶ್ವಶಕ್ತಿಗಿಂತ ಎಳೆತವೇ ಮುಖ್ಯವೆಂದು ಡೀಸೆಲ್ ವಾಹನದ ಪರ ವಹಿಸಿದರು. ಮೂರನೆಯವರು ಹಳೆಯ ಅಂಬಾಸಡರ್ ಕಾರನ್ನು ನೆನೆದು, ತೂಕವೇ ಸುರಕ್ಷತೆಯೆಂದೂ ಈಗಿನ ಹಗುರ ಕಾರುಗಳು ಡಬ್ಬಿಗಳೆಂದೂ ಹೇಳಿದರು. ವಾದ ಮುಗಿಯದಿದ್ದಾಗ, “ಗುರುಗಳೇ, ತಾವು ನಮಗೆಲ್ಲ ಭೌತವಿಜ್ಞಾನ ಕಲಿಸಿದವರು, ತಾವೇ ತೀರ್ಪು ಕೊಡಬೇಕು” ಎಂದು ನನ್ನನ್ನು ಕರೆದರು. ಅವರೊಡನೆ ಊರುಗೋಲು ಹಿಡಿದು ನಿಂತಿದ್ದ ಮತ್ತೊಬ್ಬ ಹಳೆಯ ವಿದ್ಯಾರ್ಥಿಯೂ ಇದ್ದರು. ಅವರು ಯಾರ ಪಕ್ಷವನ್ನೂ ವಹಿಸಲಿಲ್ಲ. ಅಂದು ನಿಂತ ನಿಲುವಿನಲ್ಲಿ ಹೇಳಿದ ಮಾತುಗಳನ್ನು ಕ್ರಮಪಡಿಸಿ ಇಲ್ಲಿ ನಿವೇದಿಸುತ್ತಿದ್ದೇನೆ. ಆ ನಾಲ್ಕನೆಯವರ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೇನೆ.

1. ಎಳೆತವೋ ಅಶ್ವಶಕ್ತಿಯೋ

ಬೀಸುವ ಕಲ್ಲಿನ ಗೂಟವು ಕಲ್ಲಿನ ಅಂಚಿನಲ್ಲಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಗೂಟವನ್ನು ನಡುವಿನ ಹತ್ತಿರ ನೆಟ್ಟರೆ ಕಲ್ಲನ್ನು ತಿರುಗಿಸುವುದು ಬಹಳ ಕಷ್ಟವಾಗುತ್ತದೆ. ತಿರುಗಿಸುವ ಪರಿಣಾಮವು ಕೈಯ ಬಲವನ್ನಷ್ಟೇ ಅಲ್ಲದೆ, ಆ ಬಲವು ನಡುವಿನಿಂದ ಎಷ್ಟು ದೂರದಲ್ಲಿ ಪ್ರಯೋಗವಾಗುತ್ತದೆ ಎಂಬುದನ್ನೂ ಅವಲಂಬಿಸಿದೆ. ಈ ತಿರುಗುಬಲವನ್ನೇ ವಾಹನಪ್ರಿಯರು ಟಾರ್ಕ್ ಎನ್ನುತ್ತಾರೆ. ಆಡುಮಾತಿನ ‘ಎಳೆತ’ ಇದೇ.

ಅಶ್ವಶಕ್ತಿಯು ಬೇರೆ ಪ್ರಶ್ನೆಗೆ ಉತ್ತರ. ಕೆಲಸ ಎಷ್ಟು ಶೀಘ್ರವಾಗಿ ನಡೆಯುತ್ತದೆ ಎಂಬುದೇ ಆ ಪ್ರಶ್ನೆ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ತನ್ನ ಯಂತ್ರವನ್ನು ಕುದುರೆಗಳೊಡನೆ ಹೋಲಿಸಿ ತೋರಿಸಲು ಬಳಕೆಗೆ ತಂದ ಈ ಅಳತೆಯು, ಸುಮಾರು 75 ಕಿಲೋಗ್ರಾಮ್ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯಕ್ಕೆ ಸಮ. ತಿರುಗುಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಾಮರ್ಥ್ಯ ದೊರೆಯುತ್ತದೆ. ಆದುದರಿಂದ ಇವೆರಡೂ ಪರಸ್ಪರ ಶತ್ರುಗಳಲ್ಲ. ಒಂದೇ ಲೆಕ್ಕದ ಎರಡು ಸಾಲುಗಳು. ಗೇರುಪೆಟ್ಟಿಗೆಯು ವೇಗವನ್ನು ಕಡಿಮೆ ಮಾಡಿ ತಿರುಗುಬಲವನ್ನು ಹೆಚ್ಚಿಸಬಲ್ಲದು. ಸಾಮರ್ಥ್ಯವನ್ನು ಮಾತ್ರ ಎಳ್ಳಷ್ಟೂ ಹೆಚ್ಚಿಸಲಾರದು. ಡೀಸೆಲ್ ಎಂಜಿನ್ನು ಕಡಿಮೆ ಸುತ್ತುಗಳಲ್ಲಿಯೇ ಹೆಚ್ಚು ತಿರುಗುಬಲ ನೀಡುವುದರಿಂದ ಹೊರೆ ಹೊತ್ತು ಏರು ಹತ್ತುವಾಗ ಅದು ಸಲೀಸೆನಿಸುತ್ತದೆ. ವಿದ್ಯುತ್ ಮೋಟಾರು ನಿಂತ ಸ್ಥಿತಿಯಿಂದಲೇ ಪೂರ್ಣ ತಿರುಗುಬಲ ಕೊಡಬಲ್ಲದು. ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ದಾಟಿದ ಮೋಟಾರು ವಾಹನವು ವಿದ್ಯುತ್ತಿನದೇ ಎಂಬುದನ್ನು ಇಲ್ಲಿ ನೆನೆಯಬಹುದು. ಬೆಲ್ಜಿಯಮ್ಮಿನ ಕಮೀಯ್ ಜೆನಾಟ್ಜಿ 1899ರಲ್ಲಿ ಪ್ಯಾರಿಸ್ಸಿನ ಬಳಿ ಈ ಸಾಹಸವನ್ನು ಮಾಡಿದನು. ನಮ್ಮ ಬೆಂಗಳೂರಿನಲ್ಲಿಯೂ 2001ರಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಹೊರಬಂದಿತ್ತು.

ಒಂದು ಲೆಕ್ಕವನ್ನು ನೋಡೋಣ. ಒಂದು ಟನ್ ತೂಕದ ಕಾರು, ಪ್ರತಿ 10 ಮೀಟರಿಗೆ 1 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದೆ ಎನ್ನೋಣ. ಅದು ಸೆಕೆಂಡಿಗೆ 10 ಮೀಟರ್ ಸಾಗಿ 1 ಮೀಟರ್ ಮೇಲೇರುತ್ತದೆ. 1000 ಕಿಲೋಗ್ರಾಮನ್ನು ಸೆಕೆಂಡಿಗೆ ಒಂದು ಮೀಟರ್ ಎತ್ತಲು ಸುಮಾರು 13 ಅಶ್ವಶಕ್ತಿ ಸಾಕು. ಹಾಗಾದರೆ ಮಿಕ್ಕ ಅಶ್ವಶಕ್ತಿ ಏತಕ್ಕೆ? ಬೇಗ ವೇಗ ಗಳಿಸುವುದಕ್ಕೆ ಹಾಗೂ ಗಾಳಿಯ ಪ್ರತಿರೋಧವನ್ನು ಸೀಳುವುದಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ಪ್ರತಿರೋಧ ನಾಲ್ಕು ಪಟ್ಟಾಗುತ್ತದೆ. ಅದನ್ನು ಎದುರಿಸಲು ಬೇಕಾದ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. ಹೆಚ್ಚಿನ ಅಶ್ವಶಕ್ತಿಗೆ ತೆರುವ ಹಣದಲ್ಲಿ ಬಹುಭಾಗವು ಗಾಳಿಯೊಡನೆ ಹೋರಾಡಲು ತೆತ್ತ ಹಣವೆಂದು ತಿಳಿಯಬೇಕು.

2. ತೂಕವೇ ರಕ್ಷೆಯೇ

ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ರೂಪುಗೊಂಡ ಅಂಬಾಸಡರ್ ಒಂದು ಟನ್ನನ್ನು ಮೀರಿದ ತೂಕದ ಕಾರು. ಅದರ ಜೊತೆಯಲ್ಲಿ 1983ರಲ್ಲಿ ಬಂದು ನಿಂತ ಮಾರುತಿ 800 ಸುಮಾರು 650 ಕಿಲೋಗ್ರಾಮಿನದು. ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೆ ಅಂದು ಹುಟ್ಟಿದ ‘ಭಾರವೋ ಹಗುರವೋ’ ಎಂಬ ವಾದ ಇನ್ನೂ ನಿಂತಿಲ್ಲ.

ಎರಡು ಟನ್ನಿನ ವಾಹನವೂ ಒಂದು ಟನ್ನಿನ ವಾಹನವೂ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಡಿಕ್ಕಿ ಹೊಡೆದು ಒಂದಕ್ಕೊಂದು ಸಿಕ್ಕಿಕೊಂಡವೆಂದು ಭಾವಿಸಿರಿ. ಆವೇಗದ ಸಂರಕ್ಷಣೆಯ ನಿಯಮದಂತೆ, ಎರಡೂ ಸೇರಿ ಭಾರದ ವಾಹನದ ದಿಕ್ಕಿನಲ್ಲಿಯೇ ಗಂಟೆಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಮುಂದೆ ಸರಿಯುತ್ತವೆ. ಭಾರದ ವಾಹನವು ಕಳೆದುಕೊಂಡ ವೇಗ 33. ಹಗುರ ವಾಹನವು ನಿಂತು, ಹಿಮ್ಮುಖವಾಗಿ ತಳ್ಳಲ್ಪಟ್ಟು ಅನುಭವಿಸಿದ ಬದಲಾವಣೆ 67. ಪೆಟ್ಟು ಸರಿಯಾಗಿ ಇಮ್ಮಡಿ. ಆದುದರಿಂದ ಮೂರನೆಯ ಮಿತ್ರರ ಮಾತಿನಲ್ಲಿ ಸತ್ಯವಿದೆ. ಆದರೆ ಆ ಸತ್ಯದ ಇನ್ನೊಂದು ಮುಖವನ್ನೂ ಕಾಣಬೇಕು: ಭಾರದ ಕಾರಿನಲ್ಲಿರುವವರಿಗೆ ಕಡಿಮೆಯಾದ ಪೆಟ್ಟು ಎಲ್ಲಿಯೂ ಮಾಯವಾಗಲಿಲ್ಲ, ಎದುರಿನ ಹಗುರ ಕಾರಿನವರ ಪಾಲಿಗೆ ಸೇರಿತು. ಎದುರಿಗಿರುವುದು ಮರವೋ ಸೇತುವೆಯ ಗೋಡೆಯೋ ಆದಾಗ ಈ ಅನುಕೂಲವೂ ಉಳಿಯುವುದಿಲ್ಲ.

ಅಲ್ಲಿ ಕಾಯುವುದು ತೂಕವಲ್ಲ, ನಿಲ್ಲಲು ದೊರೆಯುವ ಅಂತರ. ಗಂಟೆಗೆ 50 ಕಿಲೋಮೀಟರ್ ವೇಗದಿಂದ ಮನುಷ್ಯದೇಹವು ಅರ್ಧ ಮೀಟರಿನಲ್ಲಿ ನಿಂತರೆ ಅದರ ಮೇಲೆ ಬೀಳುವ ಬಲ ಸ್ವಂತ ತೂಕದ ಸುಮಾರು 20 ಪಟ್ಟು. 5 ಸೆಂಟಿಮೀಟರಿನಲ್ಲಿ ನಿಂತರೆ ಸುಮಾರು 200 ಪಟ್ಟು. ಕಾರಿನ ಮೂತಿಯನ್ನು ನಜ್ಜುಗುಜ್ಜಾಗುವಂತೆ ಉದ್ದೇಶಪೂರ್ವಕವಾಗಿ ರಚಿಸುವುದು ಈ ಅರ್ಧ ಮೀಟರನ್ನು ದೊರಕಿಸಿಕೊಡುವ ಸಲುವಾಗಿ. ಮುಂಭಾಗ ಕುಸಿದ ಕಾರನ್ನು ‘ಡಬ್ಬಿ’ ಎಂದು ಹಳಿಯುವವರು, ಅದು ಕುಸಿದುದರಿಂದಲೇ ಒಳಗಿದ್ದವರು ಉಳಿದಿರಬಹುದೆಂಬುದನ್ನು ಮರೆಯಬಾರದು. ಸ್ವೀಡನ್ನಿನ ನಿಲ್ಸ್ ಬೋಲಿನ್ 1959ರಲ್ಲಿ ವೋಲ್ವೋ ಕಾರುಗಳಿಗಾಗಿ ರೂಪಿಸಿದ, ಇಂದು ಎಲ್ಲೆಡೆ ಬಳಕೆಯಲ್ಲಿರುವ ಸೀಟುಪಟ್ಟಿಯ ಕೆಲಸವೂ ಇದೇ. ಕುಸಿಯುವ ಕಾರಿನೊಡನೆ ದೇಹವನ್ನೂ ಕಟ್ಟಿ ನಿಧಾನವಾಗಿ ನಿಲ್ಲಿಸುವುದು. ಮಡಿಲಿನಲ್ಲಿ ಕುಳಿತ 10 ಕಿಲೋಗ್ರಾಮಿನ ಮಗುವು ಅಂಥ ಕ್ಷಣದಲ್ಲಿ 200 ಕಿಲೋಗ್ರಾಮಿನ ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಯಾವ ತಾಯಿಯ ತೋಳೂ ಅದನ್ನು ಹಿಡಿಯಲಾರದು. ಪ್ರೀತಿಯ ಕೊರತೆಯಿಂದಲ್ಲ, ಜಡತ್ವದ ನಿಯಮದಿಂದ.

3. ನಿಲ್ಲಿಸುವ ಲೆಕ್ಕ

ಮೂವರ ವಾದದಲ್ಲಿಯೂ ಓಡುವ ಮಾತೇ ಬಂದಿತ್ತು. ನಿಲ್ಲುವ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಕಾರಿನ ಇತಿಹಾಸದಲ್ಲಿ ಈ ಮಾತು ಬಹಳ ಹಳೆಯದು. ಕಾರ್ಲ್ ಬೆನ್ಜನ ಪತ್ನಿ ಬರ್ಥಾ 1888ರಲ್ಲಿ ತನ್ನ ಇಬ್ಬರು ಗಂಡುಮಕ್ಕಳೊಡನೆ ಮ್ಯಾನ್‌ಹೈಮಿನಿಂದ ಪ್ಫೋರ್ಟ್ಸ್‌ಹೈಮಿಗೆ, ಸುಮಾರು 100 ಕಿಲೋಮೀಟರ್ ದೂರವನ್ನು ಕಾರಿನಲ್ಲಿ ಪಯಣಿಸಿದಳು. ದಾರಿಯಲ್ಲಿ ಬ್ರೇಕಿನ ಮರದ ತುಂಡು ಸವೆದುಹೋಗಲು, ಆಕೆ ಚಮ್ಮಾರನೊಬ್ಬನಿಂದ ಅದಕ್ಕೆ ಚರ್ಮದ ಹೊದಿಕೆ ಹಾಕಿಸಿದಳು. ಕಾರಿನ ಮೊದಲ ದೂರಪ್ರಯಾಣವೇ ಬ್ರೇಕಿನ ಮಹತ್ತ್ವವನ್ನು ಕಲಿಸಿತು.

ಓಡುವ ವಾಹನದ ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಬ್ರೇಕು ಹಾಕಿದ ಮೇಲೆ ವಾಹನವು ಸಾಗುವ ದೂರವೂ ಅದೇ ಪ್ರಮಾಣದಲ್ಲಿ ಬೆಳೆಯುತ್ತದೆ. ಅದಲ್ಲದೆ ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತುವಷ್ಟರಲ್ಲಿ ಸುಮಾರು ಒಂದು ಸೆಕೆಂಡು ಕಳೆಯುತ್ತದೆ. ಆಗಲೂ ಕಾರು ಮುಂದೆ ಸಾಗುತ್ತಲೇ ಇರುತ್ತದೆ. ಒಣಗಿದ ಡಾಂಬರು ರಸ್ತೆಯ ಘರ್ಷಣಾಂಕವನ್ನು 0.7 ಎಂದೂ ಮಳೆಯಲ್ಲಿ ನೆನೆದ ರಸ್ತೆಯದನ್ನು 0.4 ಎಂದೂ ಇಟ್ಟುಕೊಂಡರೆ, ಈ ಒಂದು ಸೆಕೆಂಡನ್ನೂ ಸೇರಿಸಿ ನಿಲ್ಲಲು ಬೇಕಾಗುವ ಒಟ್ಟು ದೂರ ಹೀಗಿದೆ:

ಗಂಟೆಗೆ 40 ಕಿಲೋಮೀಟರ್ ವೇಗ: ಒಣ ರಸ್ತೆ 20 ಮೀಟರ್, ಒದ್ದೆ ರಸ್ತೆ 27 ಮೀಟರ್.
ಗಂಟೆಗೆ 60 ಕಿಲೋಮೀಟರ್ ವೇಗ: ಒಣ ರಸ್ತೆ 37 ಮೀಟರ್, ಒದ್ದೆ ರಸ್ತೆ 52 ಮೀಟರ್.
ಗಂಟೆಗೆ 80 ಕಿಲೋಮೀಟರ್ ವೇಗ: ಒಣ ರಸ್ತೆ 58 ಮೀಟರ್, ಒದ್ದೆ ರಸ್ತೆ 85 ಮೀಟರ್.
ಗಂಟೆಗೆ 100 ಕಿಲೋಮೀಟರ್ ವೇಗ: ಒಣ ರಸ್ತೆ 84 ಮೀಟರ್, ಒದ್ದೆ ರಸ್ತೆ 126 ಮೀಟರ್.

ಈ ಅಂಕಿಗಳಲ್ಲಿ ಅಡಗಿರುವ ಒಂದು ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ಎರಡು ಕಾರುಗಳು ಅಕ್ಕಪಕ್ಕದಲ್ಲಿ, ಒಂದು 60ರಲ್ಲಿ ಇನ್ನೊಂದು 80ರಲ್ಲಿ ಬರುತ್ತಿವೆ. ಒಣ ರಸ್ತೆಯಲ್ಲಿ 37 ಮೀಟರ್ ಮುಂದೆ ದನವೊಂದು ಅಡ್ಡ ಬಂದಿತು. ಇಬ್ಬರೂ ಚಾಲಕರು ಒಂದೇ ಕ್ಷಣದಲ್ಲಿ ಅದನ್ನು ಕಂಡು ಒಂದೇ ಕ್ಷಣದಲ್ಲಿ ಬ್ರೇಕು ಒತ್ತಿದರು. 60ರಲ್ಲಿ ಬಂದವನು ದನದ ಮುಂದೆ, ಮುಟ್ಟದೆ ನಿಲ್ಲುತ್ತಾನೆ. 80ರಲ್ಲಿ ಬಂದವನು ಆ ಸ್ಥಳವನ್ನು ತಲುಪಿದಾಗ ಅವನ ವೇಗ ಎಷ್ಟಿರಬಹುದು? ಇಪ್ಪತ್ತು ಎಂದು ಬಹುಮಂದಿ ಊಹಿಸುತ್ತಾರೆ. ಲೆಕ್ಕ ಹಾಕಿದರೆ ಅದು ಗಂಟೆಗೆ 60 ಕಿಲೋಮೀಟರಿಗಿಂತಲೂ ತುಸು ಹೆಚ್ಚೇ ಇರುತ್ತದೆ! ಮೊದಲನೆಯವನು ಯಾವ ವೇಗದಲ್ಲಿ ಪಯಣಿಸುತ್ತಿದ್ದನೋ ಆ ವೇಗದಲ್ಲಿ ಎರಡನೆಯವನು ಬಡಿಯುತ್ತಾನೆ.

ಇನ್ನು ತೂಕದ ಪ್ರಶ್ನೆ. ಭಾರದ ಕಾರನ್ನು ನಿಲ್ಲಿಸಲು ಹೆಚ್ಚು ಬಲ ಬೇಕು. ಆದರೆ ಭಾರ ಹೆಚ್ಚಿದಂತೆ ರಸ್ತೆಯೊಡನೆ ಅದರ ಘರ್ಷಣೆಯೂ ಅಷ್ಟೇ ಹೆಚ್ಚುತ್ತದೆ. ಹೀಗಾಗಿ ಲೆಕ್ಕದಲ್ಲಿ ತೂಕವು ಎರಡು ಕಡೆಯಿಂದಲೂ ಹೊಡೆದುಹೋಗುತ್ತದೆ. ಬ್ರೇಕುಗಳು ಸಮರ್ಥವಾಗಿರುವ ತನಕ ಭಾರದ ಕಾರೂ ಹಗುರ ಕಾರೂ ಹೆಚ್ಚುಕಡಮೆ ಒಂದೇ ದೂರದಲ್ಲಿ ನಿಲ್ಲುತ್ತವೆ. ‘ಸಮರ್ಥವಾಗಿರುವ ತನಕ’ ಎಂಬ ಮಾತು ಮುಖ್ಯ. ಏಕೆಂದರೆ ಬ್ರೇಕು ಶಕ್ತಿಯನ್ನು ನಾಶ ಮಾಡುವುದಿಲ್ಲ, ಶಾಖವಾಗಿ ಮಾರ್ಪಡಿಸುತ್ತದೆ. 16 ಟನ್ನಿನ ಲಾರಿಯೊಂದು 600 ಮೀಟರ್ ಎತ್ತರದ ಘಾಟಿಯನ್ನು ಬ್ರೇಕಿನ ಬಲದಿಂದಲೇ ಇಳಿದರೆ ಹುಟ್ಟುವ ಶಾಖವು, 300 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅಷ್ಟು ಶಾಖವನ್ನು ಉಂಡ ಬ್ರೇಕು ತನ್ನ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಹತ್ತುವಾಗ ಬಳಸಿದ ಗೇರಿನಲ್ಲಿಯೇ ಇಳಿಯಬೇಕೆಂದು ಅನುಭವಿ ಚಾಲಕರು ಹೇಳುವ ಮಾತು ಭೌತವಿಜ್ಞಾನಕ್ಕೆ ಸಮ್ಮತವಾದುದು.

4. ನಾಲ್ಕು ಅಂಗೈಯಗಲದ ನೆಲ

ಎಂಜಿನ್ನು ಎಷ್ಟೇ ದೊಡ್ಡದಿರಲಿ, ಬ್ರೇಕು ಎಷ್ಟೇ ಹೊಸದಿರಲಿ, ಕಾರಿಗೂ ಭೂಮಿಗೂ ಇರುವ ಸಂಬಂಧವು ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ಜಾಗದಲ್ಲಿ ಮಾತ್ರ. ಒಂದು ಟನ್ ಕಾರಿನ ಪ್ರತಿ ಚಕ್ರದ ಮೇಲೆ ಸುಮಾರು 250 ಕಿಲೋಗ್ರಾಮ್ ಭಾರ; ಟೈರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.2 ಕಿಲೋಗ್ರಾಮ್. ಭಾಗಿಸಿದರೆ ಪ್ರತಿ ಟೈರು ಮುಟ್ಟುವ ನೆಲವು ನೂರಕ್ಕೆ ತುಸು ಮಿಕ್ಕಿದ ಚದರ ಸೆಂಟಿಮೀಟರ್, ಅಂದರೆ ಸರಿಸುಮಾರು ಒಂದು ಅಂಗೈಯಗಲ. ವೇಗ ಗಳಿಸುವುದು, ತಿರುಗುವುದು, ನಿಲ್ಲುವುದು ಈ ಮೂರೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು.

ಆ ಹಿಡಿತಕ್ಕೆ ಒಂದು ಮಿತಿಯಿದೆ. ತಿರುವಿನಲ್ಲಿ ಕಾರನ್ನು ಒಳಮುಖವಾಗಿ ಎಳೆದಿಡಲು ಅದರ ಬಹುಪಾಲು ವ್ಯಯವಾದರೆ ಬ್ರೇಕಿಗೆ ಉಳಿಯುವುದು ಅತ್ಯಲ್ಪ. ತಿರುವಿನ ನಡುವೆ ಗಾಬರಿಯಿಂದ ಬ್ರೇಕು ಒತ್ತಿದವನು ಇಲ್ಲದ ಹಿಡಿತವನ್ನು ಬೇಡುತ್ತಾನೆ. ಚಕ್ರ ಜಾರುತ್ತದೆ, ಜಾರಿದ ಚಕ್ರವು ದಿಕ್ಕನ್ನು ಕೇಳುವುದಿಲ್ಲ. ಚಕ್ರವು ಪೂರ್ಣ ನಿಂತು ಜಾರದಂತೆ ಬ್ರೇಕನ್ನು ತಾನೇ ಬಿಟ್ಟುಬಿಟ್ಟು ಹಿಡಿಯುವ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಸಂಸ್ಥೆಯು 1978ರಲ್ಲಿ ಕಾರುಗಳಿಗೆ ಒದಗಿಸಿತು. ಏಬಿಎಸ್ ಎಂದು ಕರೆಯುವ ಈ ವ್ಯವಸ್ಥೆಯು ನಮ್ಮ ದೇಶದ ಹೊಸ ಕಾರುಗಳಿಗೆ 2019ರಿಂದ ಕಡ್ಡಾಯವಾಗಿದೆ. ಇದು ಇರುವ ಹಿಡಿತವನ್ನು ಜಾಣತನದಿಂದ ಬಳಸಿಕೊಡುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಆದುದರಿಂದಲೇ ತಿರುವಿಗೆ ಮುಂಚೆ ವೇಗ ಇಳಿಸಬೇಕು, ತಿರುವಿನಲ್ಲಿ ಅಲ್ಲ.

5. ಹತ್ತಕ್ಕೆ ಹತ್ತು ಅಂಕ

ನಾನು ಇಷ್ಟನ್ನು ಹೇಳಿ ಮುಗಿಸಿದಾಗ ಊರುಗೋಲು ಹಿಡಿದು ನಿಂತಿದ್ದವರು ಮೊದಲ ಬಾರಿಗೆ ಬಾಯಿ ತೆರೆದರು.

“ಗುರುಗಳೇ, ತಾವು ಹತ್ತನೆಯ ತರಗತಿಯಾದ ಮೇಲೂ ನಮ್ಮನ್ನು ಬಿಡದೆ ರಜೆಯಲ್ಲಿ ಲೆಕ್ಕ ಮಾಡಿಸುತ್ತಿದ್ದಿರಿ. 50 ಮೀಟರ್ ತ್ರಿಜ್ಯದ ತಿರುವು, ಘರ್ಷಣಾಂಕ 0.4, ಜಾರದೆ ಹೋಗಬಹುದಾದ ಗರಿಷ್ಠ ವೇಗವೆಷ್ಟು ಎಂದು ಒಮ್ಮೆ ಕೇಳಿದ್ದಿರಿ. ಸೆಕೆಂಡಿಗೆ 14 ಮೀಟರ್ ಎಂದು ಬರೆದೆ. ಹತ್ತಕ್ಕೆ ಹತ್ತು ಕೊಟ್ಟಿದ್ದಿರಿ. ಇಪ್ಪತ್ತು ವರ್ಷಗಳ ಮೇಲೆ ಮಳೆಯ ಸಂಜೆ ಅಂಥದೇ ತಿರುವಿನಲ್ಲಿ ನನ್ನ ಕಾರು ಜಾರಿತು. ಮೀಟರಿನ ಮುಳ್ಳು 70ರ ಮೇಲಿತ್ತು. ಸೆಕೆಂಡಿಗೆ 14 ಮೀಟರ್ ಎಂದರೆ ಗಂಟೆಗೆ 50 ಕಿಲೋಮೀಟರ್ ಎಂದು ಲೆಕ್ಕ ಹಾಕಿ ನೋಡಿದ್ದು ಆಸ್ಪತ್ರೆಯಲ್ಲಿ ಮಲಗಿದ್ದಾಗ.”

ಅವರು ಇದನ್ನು ದೂರಾಗಿ ಹೇಳಲಿಲ್ಲ, ನಗುತ್ತಲೇ ಹೇಳಿದರು. ಆದರೂ ಆ ಮಾತು ನನ್ನನ್ನು ಹಲವು ದಿನ ಬಿಡಲಿಲ್ಲ. ಲೆಕ್ಕ ಸರಿಯಾಗಿತ್ತು, ಉತ್ತರ ಸರಿಯಾಗಿತ್ತು, ಅಂಕವೂ ಸರಿಯಾಗಿತ್ತು. ಕಲಿಸಿದ ನಾನು ಆ ಉತ್ತರವನ್ನು ಕರಿಹಲಗೆಯಿಂದ ರಸ್ತೆಗೆ ಇಳಿಸಿರಲಿಲ್ಲ. ‘ಈ 14 ಮೀಟರ್ ಎಂಬುದು ನಿನ್ನ ತಂದೆಯ ಸ್ಕೂಟರಿನ ಮುಳ್ಳಿನಲ್ಲಿ ಎಷ್ಟನ್ನು ತೋರಿಸುತ್ತದೆ?’ ಎಂಬ ಒಂದೇ ಪ್ರಶ್ನೆಯನ್ನು ಅಂದು ಕೇಳಿದ್ದರೆ ಸಾಕಾಗಿತ್ತು. ಕೇಳಿದ್ದರೆ ಅವರ ಕಾಲು ಉಳಿಯುತ್ತಿತ್ತೆಂದು ಹೇಳಲಾರೆ. ಕೇಳಬೇಕಾಗಿತ್ತೆಂದು ಮಾತ್ರ ಬಲ್ಲೆ.

ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತರಾದರು. ಆ ಮರಣಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವು ಅತಿವೇಗದಿಂದಾದವೆಂದು ದಾಖಲಾಗಿವೆ. ವೇಗದ ವರ್ಗವೆಂಬ ಸಣ್ಣ ಗಣಿತವನ್ನು ನಮ್ಮ ಮಕ್ಕಳು ಪರೀಕ್ಷೆಗಾಗಿ ಬಲ್ಲರು. ಪ್ರಾಣಕ್ಕಾಗಿ ಬಲ್ಲರೇ ಎಂಬುದು ಶಿಕ್ಷಕರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಆದಕಾರಣ ಸಹೋದ್ಯೋಗಿಗಳಲ್ಲಿ ಒಂದು ವಿನಂತಿ. ಈ ಪಾಠಕ್ಕೆ ಪ್ರಯೋಗಾಲಯ ಬೇಕಿಲ್ಲ. ಒಂದು ಅಳತೆ ಪಟ್ಟಿ, ಒಂದಿಷ್ಟು ಸುಣ್ಣದ ಪುಡಿ, ಒಂದು ಸೈಕಲ್ಲು ಇದ್ದರೆ ಸಾಕು. ಆಟದ ಮೈದಾನದಲ್ಲಿ 20, 37, 58, 84 ಮೀಟರುಗಳಿಗೆ ಸುಣ್ಣದ ಗೆರೆಗಳನ್ನು ಎಳೆದು, ಪ್ರತಿಯೊಂದು ಗೆರೆಯ ಮೇಲೂ ವಿದ್ಯಾರ್ಥಿಯೊಬ್ಬನನ್ನು ನಿಲ್ಲಿಸಿರಿ. ಉಳಿದವರು ಆರಂಭದ ಗೆರೆಯಲ್ಲಿ ನಿಂತು ಆ ದೂರವನ್ನು ಕಣ್ಣಾರೆ ಕಾಣಲಿ. ಸೈಕಲ್ಲನ್ನು ಮೊದಲು ನಿಧಾನವಾಗಿ, ಅನಂತರ ಅದರ ಇಮ್ಮಡಿ ವೇಗದಲ್ಲಿ ಓಡಿಸಿ ಒಂದೇ ಸ್ಥಳದಲ್ಲಿ ಬ್ರೇಕು ಹಿಡಿಸಿ, ಎರಡೂ ದೂರಗಳನ್ನು ಅಳೆಯಿಸಿರಿ. ಒಂದಕ್ಕೆ ನಾಲ್ಕರಂತೆ ಬೆಳೆಯುವ ದೂರವನ್ನು ತಾನೇ ಅಳೆದ ಮಗು ಅದನ್ನು ಸುಲಭವಾಗಿ ಮರೆಯಲಾರದು. ಹಿರಿಯರೂ ದಾನಿಗಳೂ ತಮ್ಮ ವಾಹನಗಳಲ್ಲಿ ಶಾಲೆಗೆ ಆಗಮಿಸಿದಾಗ ಆ ಗೆರೆಗಳ ಪಕ್ಕದಲ್ಲಿ ಒಮ್ಮೆ ನಡೆದು ನೋಡಿದರೆ ಅವರಿಗೂ ಪ್ರಯೋಜನವಾದೀತು.

ಆ ದಿನದ ವಾದಕ್ಕೆ ನಾನು ಕೊಟ್ಟ ತೀರ್ಪೂ ಇಷ್ಟೇ. ಎಳೆತವನ್ನು ಹೊಗಳಿದವರೂ ಅಶ್ವಶಕ್ತಿಯನ್ನು ಹೊಗಳಿದವರೂ ಒಂದೇ ಲೆಕ್ಕವನ್ನು ಹೇಳಿದರು. ತೂಕವನ್ನು ಹೊಗಳಿದವರು ಅರ್ಧ ಲೆಕ್ಕವನ್ನು ಹೇಳಿದರು. ಪೂರ್ಣ ಲೆಕ್ಕವನ್ನು ಹೇಳಿದವರು ಊರುಗೋಲಿನ ಮಿತ್ರರು. ಸಂಜೆ ಎಲ್ಲರೂ ಹೊರಟಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಶಾಲೆಯ ಹೆಬ್ಬಾಗಿಲಿನಾಚೆಯ ತಿರುವಿನಲ್ಲಿ ಕಾರುಗಳು ಒಂದರ ಹಿಂದೊಂದು ನಿಧಾನವಾಗಿ ಸಾಗಿದುದನ್ನು ಕಂಡು, ಪಾಠವು ಈ ಬಾರಿ ರಸ್ತೆಗೆ ಇಳಿಯಿತೆಂದು ಸಮಾಧಾನಪಟ್ಟೆನು.